ಗಣಕ ಹುಟ್ಟಿಸಿದ ಕಾಡು: ಬೆಂಗಳೂರಿನ ಅನಿಮೇಷನ್ ಸ್ಟುಡಿಯೊದ ಏಳುಬೀಳು

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿಯ ಕಡೆಗೆ ಸಾಗಿದರೆ ಪೆರೇಸಂದ್ರ ಸಿಗುತ್ತದೆ. ಗುಡಿಬಂಡೆಗೆ ಹೋಗುವವರು ಹೆದ್ದಾರಿ ಬಿಟ್ಟು ತಿರುಗುವುದು ಇಲ್ಲಿಯೇ. ಸುತ್ತ ಬಂಡೆಗಳ ಗುಡ್ಡ, ಕೆಂಪು ಮಣ್ಣು. ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತೆಲುಗು ಆಡುವ ಮಕ್ಕಳು ಈ ಭಾಗದಲ್ಲಿ ಬಹಳ. ಕೆಲವು ವರ್ಷಗಳ ಹಿಂದೆ ಈ ಊರಿನಲ್ಲಿ ನಡೆದ ಮಕ್ಕಳ ಬೇಸಿಗೆ ಶಿಬಿರದ ಕೊನೆಯ ದಿನ 'ದ ಜಂಗಲ್ ಬುಕ್' ಚಿತ್ರವನ್ನು ತೋರಿಸಿದೆವು. 2016ರಲ್ಲಿ ಬಂದ ಚಿತ್ರ. ಹಾಕಿದ್ದು ತೆಲುಗು ಮಾತಿನ ಆವೃತ್ತಿ. ಕನ್ನಡದ್ದು ನಮ್ಮಲ್ಲಿರಲಿಲ್ಲ.

ಚಿತ್ರ ಮುಗಿದು ಹೆಸರುಪಟ್ಟಿ ಮೇಲೇರತೊಡಗಿತು. ಮಕ್ಕಳೆಲ್ಲ ಕಡಲೆಪುರಿಗಾಗಿ ಹೊರಗೆ ಓಡಿದರು. ಒಬ್ಬ ಹುಡುಗಿ ಮಾತ್ರ ಕುಳಿತು ಓದುತ್ತಿದ್ದಳು. ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರುಗಳು ಸಾಲುಸಾಲಾಗಿ ಬರುತ್ತಿದ್ದವು. "ಇವರೆಲ್ಲ ಯಾರು ಸಾರ್?" ಎಂದಳು. ಈ ಕಾಡನ್ನೂ ಪ್ರಾಣಿಗಳನ್ನೂ ಗಣಕದಲ್ಲಿ ಮಾಡಿದವರಲ್ಲಿ ಬಹಳ ಮಂದಿ ಬೆಂಗಳೂರಿನಲ್ಲಿ ಕುಳಿತು ಕೆಲಸ ಮಾಡಿದ್ದಾರೆ ಎಂದು ಹೇಳಿದೆ. ಆಕೆ ಸ್ವಲ್ಪ ಯೋಚಿಸಿ ಕೇಳಿದಳು: "ಮಾಡ್ದೋರು ಬೆಂಗಳೂರೋರು ಅಂದ್ಮೇಲೆ ಹುಲಿ ಕನ್ನಡ ಯಾಕೆ ಮಾತಾಡಲ್ಲ ಸಾರ್?"

"ಮುಂದೆ ಮಾತಾಡುತ್ತಮ್ಮ" ಎಂದು ಆ ಹೊತ್ತಿಗೆ ತಪ್ಪಿಸಿಕೊಂಡೆ. ಅದು ಉತ್ತರವಲ್ಲ ಎಂದು ಆಗಲೇ ಗೊತ್ತಿತ್ತು. ಓದುಗರೇ, ಆ ಪ್ರಶ್ನೆಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ. ಅದಕ್ಕಾಗಿ ಗಣಕ ಅನಿಮೇಷನ್ ಚಿತ್ರ ಹೇಗೆ ತಯಾರಾಗುತ್ತದೆ, ಬೆಂಗಳೂರಿನ ಸ್ಟುಡಿಯೊ ಏನು ಮಾಡಿತು, ಅದರ ಚಿತ್ರಗಳ ಗುಣ ಎಂಥದು, ಕೊನೆಗೆ ಅದು ಏಕೆ ಮುಚ್ಚಿತು ಎಂಬುದನ್ನು ಕ್ರಮವಾಗಿ ನೋಡೋಣ.

ಗೊಂಬೆ, ಮೂಳೆ, ಬೆಳಕು

ತೆರೆಯ ಮೇಲೆ ಚಲಿಸುವುದು ಯಾವುದೂ ಇಲ್ಲ. ಒಂದು ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ಒಂದರ ಹಿಂದೊಂದು ಬರುತ್ತವೆ. ನಮ್ಮ ಕಣ್ಣು ಮತ್ತು ಮಿದುಳು ಸೇರಿ ಅವನ್ನು ಚಲನೆಯಾಗಿ ಕಾಣುತ್ತವೆ. 90 ನಿಮಿಷದ ಚಿತ್ರಕ್ಕೆ 1,29,600 ಚಿತ್ರಗಳು ಬೇಕು. ಹಿಂದೆ ಇವನ್ನು ಕೈಯಿಂದ ಬರೆಯುತ್ತಿದ್ದರು. ಗಣಕ ಅನಿಮೇಷನ್‌ನಲ್ಲಿ ಬರೆಯುವ ಬದಲು ಮೊದಲು ಒಂದು ಗೊಂಬೆಯನ್ನು ಕಟ್ಟುತ್ತಾರೆ. ಇದು ಮಣ್ಣಿನದಲ್ಲ, ಸಂಖ್ಯೆಗಳದು. ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆಗಳಲ್ಲಿ ಸಾವಿರಾರು ಬಿಂದುಗಳನ್ನು ಗುರುತಿಸಿ ಬಲೆ ಹೆಣೆದಂತೆ ಜೋಡಿಸಿದರೆ ಹುಲಿಯ ಮೈ ಸಿದ್ಧವಾಗುತ್ತದೆ. ಇದಕ್ಕೆ ಮಾಡೆಲಿಂಗ್ ಎಂದು ಹೆಸರು.

ಆ ಮೈಯೊಳಗೆ ಮೂಳೆ, ಕೀಲುಗಳನ್ನು ಕೂರಿಸುವುದು ಎರಡನೆಯ ಹಂತ. ಇದು ರಿಗ್ಗಿಂಗ್. ತೊಗಲುಗೊಂಬೆಯಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೊಂಬೆಯ ಭುಜ, ಮೊಣಕೈಗಳನ್ನು ಬೇರೆಬೇರೆ ತುಂಡುಗಳಾಗಿ ಕತ್ತರಿಸಿ ದಾರದಿಂದ ಪೋಣಿಸಿ ಕಡ್ಡಿ ಕಟ್ಟುತ್ತಾರಲ್ಲವೆ? ಗಣಕದ ಗೊಂಬೆಗೂ ಅಂಥ ಕಡ್ಡಿಗಳಿವೆ. ಮುಖವೊಂದಕ್ಕೇ ನೂರಾರು ಇರಬಹುದು. ಮೂರನೆಯದು ಅನಿಮೇಷನ್. ಕಲಾವಿದರು ಮುಖ್ಯ ಭಂಗಿಗಳನ್ನು ನಿಶ್ಚಯಿಸುತ್ತಾರೆ. ನಡುವಿನ ಭಂಗಿಗಳನ್ನು ಗಣಕ ಲೆಕ್ಕ ಹಾಕಿ ತುಂಬುತ್ತದೆ. ಆದರೆ ಗಣಕ ತುಂಬಿದ ಚಲನೆ ಜೀವವಿಲ್ಲದೆ ತೇಲುತ್ತದೆ. ಎಲ್ಲಿ ತಡೆಯಬೇಕು, ಎಲ್ಲಿ ರಭಸ ಕೊಡಬೇಕು ಎಂಬುದು ಕಲಾವಿದರ ವಿವೇಚನೆ. ಹೀಗಾಗಿ ದೊಡ್ಡ ಚಿತ್ರಗಳಲ್ಲಿ ಒಬ್ಬ ಕಲಾವಿದ ವಾರವಿಡೀ ದುಡಿದು ಕೆಲವೇ ಸೆಕೆಂಡುಗಳ ಚಲನೆಯನ್ನು ಮುಗಿಸುತ್ತಾನೆ.

ಕೊನೆಯದು ಬೆಳಕು ಮತ್ತು ರೆಂಡರಿಂಗ್. ಒಂದು ಸಂಜೆ ಪೆರೇಸಂದ್ರದಲ್ಲಿ ಸುಣ್ಣ ಬಳಿದ ಯಾವುದಾದರೂ ಗೋಡೆಯ ಬುಡವನ್ನು ಗಮನಿಸಿ. ಗೋಡೆ ಬಿಳಿಯಾದರೂ ಬುಡ ಕೊಂಚ ಕೆಂಪಾಗಿ ಕಾಣುತ್ತದೆ. ಸಿಡಿದ ಕೆಸರಿನ ಮಾತಲ್ಲ ಇದು. ಬಿಸಿಲು ಕೆಂಪು ಮಣ್ಣಿನ ಮೇಲೆ ಬಿದ್ದು, ಚದುರಿ, ಮಣ್ಣಿನ ಬಣ್ಣವನ್ನು ಹೊತ್ತು ಗೋಡೆಯನ್ನು ತಲಪುತ್ತದೆ. ಗೋಡೆಯಿಂದ ಮತ್ತೆ ಚದುರಿ ನಿಮ್ಮ ಅಂಗಿಯ ಮೇಲೆ ಬೀಳುತ್ತದೆ. ಈ ಮರುಬೆಳಕು ಇಲ್ಲದಿದ್ದರೆ ಚಿತ್ರ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಒಂದು ಸಾಮಾನ್ಯ ಸಿನಿಮಾ ಚೌಕಟ್ಟಿನಲ್ಲಿ ಸುಮಾರು 22 ಲಕ್ಷ ಚಿತ್ರಬಿಂದುಗಳಿರುತ್ತವೆ. ಪ್ರತಿ ಬಿಂದುವಿಗೂ ನೂರಾರು ಕಿರಣಗಳ ದಾರಿಯನ್ನು, ಅವು ಎಲ್ಲೆಲ್ಲಿ ಬಡಿದು ಪುಟಿದವು ಎಂಬುದನ್ನು ಲೆಕ್ಕ ಹಾಕಬೇಕು. ಹುಲಿಯ ಮೈಮೇಲಿನ ಲಕ್ಷಾಂತರ ಕೂದಲುಗಳಲ್ಲಿ ಒಂದೊಂದೂ ಬೆಳಕನ್ನು ತಡೆಯುತ್ತದೆ, ಹಾಯಿಸುತ್ತದೆ. ಲೆಕ್ಕದ ಹೊರೆ ಎಷ್ಟೆಂದು ಊಹಿಸಿ.

ಪಿಕ್ಸಾರ್ ಕಲಿಸಿದ ಪಾಠ

ಪೂರ್ತಿಯಾಗಿ ಗಣಕದಲ್ಲೇ ತಯಾರಾದ ಮೊದಲ ಕಥಾಚಿತ್ರ 'ಟಾಯ್ ಸ್ಟೋರಿ'. ಅಮೆರಿಕದ ಪಿಕ್ಸಾರ್ ಸ್ಟುಡಿಯೊ 1995ರ ನವೆಂಬರಿನಲ್ಲಿ ಅದನ್ನು ಹೊರತಂದಿತು. ಅದರಲ್ಲಿ 1,14,240 ಚೌಕಟ್ಟುಗಳಿದ್ದವು. ಅವನ್ನು ರೆಂಡರ್ ಮಾಡಲು ಹಿಡಿದದ್ದು 8 ಲಕ್ಷ ಯಂತ್ರಗಂಟೆಗಳು. ಭಾಗಿಸಿ ನೋಡಿ: ಒಂದು ಚೌಕಟ್ಟಿಗೆ ಸರಾಸರಿ 7 ಗಂಟೆ.

ಪಿಕ್ಸಾರ್‌ನ ಹುಟ್ಟು ಸಿನಿಮಾ ಸ್ಟುಡಿಯೊ ಆಗಿ ಅಲ್ಲ. 1979ರಲ್ಲಿ ಲೂಕಾಸ್‌ಫಿಲ್ಮ್ ಸಂಸ್ಥೆಯ ಗಣಕ ವಿಭಾಗವಾಗಿ ಅದು ಆರಂಭವಾಯಿತು. 1986ರಲ್ಲಿ ಸ್ಟೀವ್ ಜಾಬ್ಸ್ ಅದನ್ನು ಕೊಂಡರು. ಬಹುಕಾಲ ಅದು ಗಣಕಯಂತ್ರ ಮಾರಿತು, ಜಾಹೀರಾತು ಮಾಡಿಕೊಟ್ಟಿತು, ನಷ್ಟ ಅನುಭವಿಸಿತು. ಆ ದಿನಗಳಲ್ಲೂ ಅದು ಎರಡು ವಸ್ತುಗಳನ್ನು ಕೈಬಿಡಲಿಲ್ಲ. ಒಂದು, ತಾನೇ ರೂಪಿಸಿದ ತಂತ್ರಾಂಶ. ಪಿಕ್ಸಾರ್‌ನ ರೆಂಡರ್‌ಮ್ಯಾನ್ ಮುಂದೆ ಇಡೀ ಸಿನಿಮಾ ಜಗತ್ತೇ ಬಳಸುವ ಸಾಧನವಾಯಿತು. ಇದರ ಹಿಂದಿದ್ದ ಎಡ್ ಕ್ಯಾಟ್‌ಮಲ್ ಮತ್ತು ಪ್ಯಾಟ್ ಹನ್ರಾಹನ್ ಅವರಿಗೆ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ, 2019ನೇ ಸಾಲಿನದು, ದೊರೆಯಿತು. ಎರಡು, ತನ್ನದೇ ಕಥೆ. 'ಲಕ್ಸೊ ಜೂನಿಯರ್' ಎಂಬ ಮೇಜುದೀಪದ ಪುಟ್ಟ ಚಿತ್ರವನ್ನು ಅದು 1986ರಲ್ಲೇ ಮಾಡಿತು. ಎರಡು ದೀಪಗಳು, ಒಂದು ಚೆಂಡು, ಮಾತಿಲ್ಲ. ಆದರೂ ತಂದೆ ಯಾರು, ಮಗು ಯಾರು ಎಂದು ನೋಡಿದವರಿಗೆ ತಿಳಿಯುತ್ತದೆ. 2006ರಲ್ಲಿ ಡಿಸ್ನಿ ಸಂಸ್ಥೆ ಪಿಕ್ಸಾರ್ ಅನ್ನು 740 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಾಗ ಬೆಲೆ ಕಟ್ಟಿದ್ದು ಈ ಎರಡಕ್ಕೆ.

ಹಾಗಾದರೆ ಗಣಕ ಅನಿಮೇಷನ್ ಸ್ಟುಡಿಯೊವೊಂದು ನಿಲ್ಲಲು ಮೂರು ಕಾಲುಗಳು ಬೇಕು: ಸಾಧನ, ಕೈಕೆಲಸ, ಕಥೆ. ಈ ಅಳತೆಗೋಲನ್ನು ಹಿಡಿದು ಬೆಂಗಳೂರಿಗೆ ಬರೋಣ.

ಬೆಂಗಳೂರಿಗೆ ಬಂದ ಕೆಲಸ

ಈ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ಹಲವು ಅನಿಮೇಷನ್ ಸಂಸ್ಥೆಗಳು ತಲೆಯೆತ್ತಿದವು. ಜಾದೂವರ್ಕ್ಸ್ ಅವುಗಳಲ್ಲೊಂದು. 2004ರಲ್ಲಿ ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ ತಮ್ಮ ಅಂಕಣದಲ್ಲಿ ಈ ಸಂಸ್ಥೆಯ ಬಗ್ಗೆ ಬರೆದರು. ಜಾದೂವರ್ಕ್ಸ್ ಆಗ ಕೃಷ್ಣನ ಬಾಲ್ಯದ ಬಗ್ಗೆ ಸ್ವಂತ ಚಿತ್ರ ಮಾಡಲು ಹೊರಟಿತ್ತು. ಚಿತ್ರಕಥೆಯನ್ನು ಅಮೆರಿಕದ ಬರಹಗಾರರಿಗೆ ವಹಿಸಲಾಗಿತ್ತು. ಧ್ವನಿ ಕೊಡಬೇಕಾದವರು ಲಾಸ್ ಏಂಜಲೀಸಿನ ನಟರು. ಸಂಗೀತ ಲಂಡನ್ನಿನದು. ಕೆಲಸ ಅಮೆರಿಕದಿಂದ ಭಾರತಕ್ಕೆ ಹೋಗುವುದಷ್ಟೇ ಅಲ್ಲ, ಭಾರತದಿಂದ ಅಮೆರಿಕಕ್ಕೂ ಬರುತ್ತದೆ ಎಂದು ಫ್ರೀಡ್‌ಮನ್ ತಮ್ಮ ಓದುಗರಿಗೆ ಸಮಾಧಾನ ಹೇಳಿದರು. ಅದೇ ಸಂಗತಿಯನ್ನು ನಾವು ಈ ಕಡೆಯಿಂದ ಓದಬೇಕು. ಗೋಕುಲದ ಕೃಷ್ಣನ ಕಥೆ ಹೇಳಲು ಬೆಂಗಳೂರಿಗೆ ತನ್ನ ಬಾಯಿ ಸಾಲದು ಎನ್ನಿಸಿತ್ತು.

ಇನ್ನೊಂದು ಸಂಸ್ಥೆ ನಂದೀಶ್ ದೊಮ್ಮಲೂರು ನೇತೃತ್ವದ ಪ್ಯಾಪ್ರಿಕಾಸ್. ವಿದೇಶಿ ದೂರದರ್ಶನ ಸರಣಿಗಳಿಗೂ ವಿಡಿಯೊ ಆಟಗಳಿಗೂ ಕೆಲಸ ಮಾಡಿಕೊಡುತ್ತಿದ್ದ ಈ ಸ್ಟುಡಿಯೊದಲ್ಲಿ ಫ್ರಾನ್ಸಿನ ಥಾಮ್ಸನ್ ಬಂಡವಾಳ ಹೂಡಿತು. ಟೆಕ್ನಿಕಲರ್ ಆಗ ಥಾಮ್ಸನ್‌ನ ಒಡೆತನದಲ್ಲಿತ್ತು. 1915ರಲ್ಲಿ ಅಮೆರಿಕದಲ್ಲಿ ಹುಟ್ಟಿ, 'ಸ್ನೋ ವೈಟ್', 'ದ ವಿಜರ್ಡ್ ಆಫ್ ಆಜ್' ಮುಂತಾದ ಚಿತ್ರಗಳಿಗೆ ಬಣ್ಣ ಕೊಟ್ಟ ಹಳೆಯ ಹೆಸರು ಅದು. 2010ರಲ್ಲಿ ಥಾಮ್ಸನ್ ಸಂಸ್ಥೆಯೇ ಟೆಕ್ನಿಕಲರ್ ಎಂದು ಹೆಸರು ಬದಲಿಸಿಕೊಂಡಿತು. ಪ್ಯಾಪ್ರಿಕಾಸ್ ಕ್ರಮೇಣ ಟೆಕ್ನಿಕಲರ್ ಇಂಡಿಯಾದಲ್ಲಿ ಬೆರೆತುಹೋಯಿತು.

2008ರಲ್ಲಿ ಡ್ರೀಮ್‌ವರ್ಕ್ಸ್ ಅನಿಮೇಷನ್ ಈ ಸ್ಟುಡಿಯೊದೊಂದಿಗೆ ಒಪ್ಪಂದ ಮಾಡಿಕೊಂಡಿತು. 'ಶ್ರೆಕ್', 'ಮಡಗಾಸ್ಕರ್' ಚಿತ್ರಗಳನ್ನು ಕೊಟ್ಟ ಸಂಸ್ಥೆ ಇದು. ಬೆಂಗಳೂರಿನಲ್ಲಿ ಅದಕ್ಕಾಗಿಯೇ ಮೀಸಲಾದ ಘಟಕ ಸಿದ್ಧವಾಯಿತು. ಡ್ರೀಮ್‌ವರ್ಕ್ಸ್‌ನ ಪರಿಣತರು ಬಂದು ತರಬೇತಿ ಕೊಟ್ಟರು. ಅಲ್ಲಿನ ತಂತ್ರಾಂಶಗಳೇ ಇಲ್ಲಿ ಬಳಕೆಯಾದವು. ಕ್ಯಾಲಿಫೋರ್ನಿಯಾಕ್ಕೂ ನಮಗೂ ಇರುವ ವ್ಯತ್ಯಾಸ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಅಲ್ಲಿನವರು ಮಲಗಿದಾಗ ಇಲ್ಲಿ ಕೆಲಸ ನಡೆಯುತ್ತದೆ, ಬೆಳಗ್ಗೆ ಎದ್ದು ತಿದ್ದುಪಡಿ ಕಳಿಸುತ್ತಾರೆ. 2009ರಲ್ಲಿ ಅಮೆರಿಕದ ದೂರದರ್ಶನದಲ್ಲಿ ಪ್ರಸಾರವಾದ 'ಮೆರ್ರಿ ಮಡಗಾಸ್ಕರ್' ಈ ಘಟಕದ ಮೊದಲ ಫಲ. 2011ರ 'ಪುಸ್ ಇನ್ ಬೂಟ್ಸ್' ಕಥಾಚಿತ್ರದಲ್ಲಿ ಬೆಂಗಳೂರಿನ ಕಲಾವಿದರಿಗೆ ಮಹತ್ವದ ಪಾಲು ಸಿಕ್ಕಿತು.

ಟೆಕ್ನಿಕಲರ್‌ನದೇ ಅಂಗವಾಗಿದ್ದ ಲಂಡನ್ನಿನ ಎಂಪಿಸಿ 2010ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆಯಿತು. ಮೊದಮೊದಲು ಬಂದದ್ದು ಬೇಸರ ತರಿಸುವ ಕೆಲಸ: ನಟನ ಅಂಚನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಗೆರೆ ಎಳೆದು ಬೇರ್ಪಡಿಸುವುದು, ತಂತಿಗಳನ್ನು ಅಳಿಸುವುದು. ವರ್ಷ ಕಳೆದಂತೆ ಇಡೀ ದೃಶ್ಯಗಳೇ ಇಲ್ಲಿಗೆ ಬಂದವು. 'ದ ಜಂಗಲ್ ಬುಕ್' (2016), 'ದ ಲಯನ್ ಕಿಂಗ್' (2019), 'ಮುಫಾಸ' (2024) ಈ ಮೂರರಲ್ಲೂ ಬೆಂಗಳೂರಿನ ಕೈಗಳಿವೆ.

ಚಿತ್ರಗಳ ಗುಣಾವಗುಣ

ಈಗ ಈ ಚಿತ್ರಗಳನ್ನೇ ವಿಮರ್ಶೆಗೆ ಒಡ್ಡೋಣ. 'ಪುಸ್ ಇನ್ ಬೂಟ್ಸ್' ನಗಿಸುತ್ತದೆ. ಬೆಕ್ಕಿನ ಮೈಗೂದಲು, ಟೊಪ್ಪಿಗೆಯ ಗರಿ, ಇಕ್ಕಟ್ಟಿನಲ್ಲಿ ಸಿಕ್ಕಾಗ ಅರಳುವ ಕಣ್ಣುಗಳು ಎಲ್ಲವೂ ಅಚ್ಚುಕಟ್ಟು. ಆದರೆ ಕಥೆ ಇಂಗ್ಲಿಷ್ ಶಿಶುಗೀತೆಗಳ ಪಾತ್ರಗಳನ್ನು ಗುಡ್ಡೆ ಹಾಕಿ ಕಟ್ಟಿದ್ದು. ಹಂಪ್ಟಿ ಡಂಪ್ಟಿಯ ಮೊಟ್ಟೆಮುಖಕ್ಕೆ ಸಿಟ್ಟು, ಅಸೂಯೆ ಎಲ್ಲ ಬಂದಿವೆ. ಅದನ್ನು ನೋಡುವಾಗ ಇಷ್ಟು ಕೌಶಲ ಇಷ್ಟು ಹಗುರ ಕಥೆಗೆ ಸುರಿಯಿತಲ್ಲ ಎನಿಸುತ್ತದೆ.

'ದ ಜಂಗಲ್ ಬುಕ್' ಬೇರೆ ತೂಕದ ಚಿತ್ರ. ಲಾಸ್ ಏಂಜಲೀಸಿನ ಒಳಾಂಗಣದಲ್ಲಿ ನೀಲಿ ಪರದೆಯ ಮುಂದೆ ಒಬ್ಬ ಹುಡುಗನನ್ನು ನಿಲ್ಲಿಸಿ, ಸುತ್ತಲಿನ ಕಾಡು, ಮಳೆ, ನದಿ, ಮೃಗಗಳನ್ನೆಲ್ಲ ಗಣಕದಲ್ಲಿ ಬೆಳೆಸಿದರು. ಎಲೆಗಳ ನಡುವೆ ಸೋಸಿ ಬರುವ ಬಿಸಿಲು ಹುಡುಗನ ಬೆನ್ನಿನ ಮೇಲೂ ಕರಿಚಿರತೆಯ ಮೈಮೇಲೂ ಒಂದೇ ರೀತಿ ಬೀಳುತ್ತದೆ. ಕರಡಿಯ ಹೊಟ್ಟೆಯ ಮೇಲೆ ಕುಳಿತು ಹೊಳೆಯಲ್ಲಿ ತೇಲುವ ದೃಶ್ಯದಲ್ಲಿ ಒದ್ದೆಕೂದಲು, ಹರಿಯುವ ನೀರು, ನಿಜವಾದ ಹುಡುಗ ಮೂರೂ ಒಂದೇ ಚೌಕಟ್ಟಿನಲ್ಲಿ ಬೆರೆತಿವೆ. ದೃಶ್ಯಪರಿಣಾಮಗಳಿಗಾಗಿ ಬಂದ ಆಸ್ಕರ್ ಅರ್ಹವಾದದ್ದೇ. ಆದರೆ ಸಾಧನ ಯಾರದು ಎಂದು ಕೇಳಿ. ಕೂದಲು ಬೆಳೆಸಿದ ತಂತ್ರಾಂಶ ಎಂಪಿಸಿಯದು, ಲಂಡನ್ನಿನಲ್ಲಿ ರೂಪಿಸಿದ್ದು. ರೆಂಡರ್ ಮಾಡಿದ್ದು ಪಿಕ್ಸಾರ್‌ನ ರೆಂಡರ್‌ಮ್ಯಾನ್. ಕಥೆಯ ನೆಲ ಭಾರತದ್ದಾದರೂ ಹೇಳಿದವರು ಕಿಪ್ಲಿಂಗ್ ಮತ್ತು ಡಿಸ್ನಿ. ಮೂರು ಕಾಲುಗಳಲ್ಲಿ ಬೆಂಗಳೂರಿಗೆ ಬಂದದ್ದು ಒಂದು.

'ದ ಲಯನ್ ಕಿಂಗ್' ಈ ಬಗೆಯ ಕೌಶಲದ ತುತ್ತತುದಿ, ಅದರ ಮಿತಿಯೂ ಹೌದು. ಇಡೀ ಚಿತ್ರದಲ್ಲಿ ನಿಜವಾದ ಕ್ಯಾಮೆರಾದಿಂದ ತೆಗೆದದ್ದು ಆರಂಭದ ಒಂದೇ ಒಂದು ದೃಶ್ಯ. ಉಳಿದದ್ದೆಲ್ಲ ಗಣಕದ್ದು. ಆದರೂ ತಂದೆ ಸತ್ತಾಗ ಮರಿಸಿಂಹದ ಮುಖ ನಮ್ಮನ್ನು ಕಲಕುವುದಿಲ್ಲ. ಕಾರಣ ಸರಳ. 1994ರ ಕೈಬರಹದ ಚಿತ್ರದಲ್ಲಿ ಸಿಂಹಕ್ಕೆ ಹುಬ್ಬಿತ್ತು, ತುಟಿಯ ಕೊಂಕಿತ್ತು. ನಿಜವಾದ ಸಿಂಹಕ್ಕೆ ಅವು ಇಲ್ಲ. ಛಾಯಾಚಿತ್ರದಂತೆ ಕಾಣಬೇಕೆಂಬ ಹಟ ಹಿಡಿದಾಗ ಗೊಂಬೆಯ ಮುಖದ ಕಡ್ಡಿಗಳನ್ನೆಲ್ಲ ಕಲಾವಿದರು ತಾವೇ ಕಟ್ಟಿಹಾಕಿಕೊಂಡರು. 2024ರ 'ಮುಫಾಸ'ದಲ್ಲಿ ಮುಖಭಾವ ಸ್ವಲ್ಪ ಸಡಿಲಗೊಂಡಿದೆ. ಮೂಲ ಸಮಸ್ಯೆ ಹಾಗೆಯೇ ಇದೆ.

ಈ ಮೂರೂ ಚಿತ್ರಗಳು ನಮ್ಮ ಚಿತ್ರಮಂದಿರಗಳಿಗೆ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗುಗಳಲ್ಲಿ. ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ಬಹುಕಾಲ ಅಘೋಷಿತ ತಡೆಯಿತ್ತು ಎಂಬುದು ನಿಜ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ತೀರ್ಪು ಕೊಟ್ಟಿತು. ಅನಂತರದ ವರ್ಷಗಳಲ್ಲಿ ಬೇರೆ ಹಲವು ಚಿತ್ರಗಳು ಕನ್ನಡ ಮಾತಿನಲ್ಲಿ ಬಂದವು. ಸಿಂಹಗಳು ಮಾತ್ರ ಬರಲಿಲ್ಲ. ಯಾವ ಭಾಷೆಯಲ್ಲಿ ಮಾತಾಡಿಸಬೇಕು ಎಂದು ತೀರ್ಮಾನಿಸುವವರು ಚಿತ್ರದ ಒಡೆಯರು, ಗೊಂಬೆಯ ಕಡ್ಡಿ ಹಿಡಿದವರಲ್ಲ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

2025ರ ಫೆಬ್ರವರಿ

ಉಳಿದರ್ಧ 2025ರಲ್ಲಿ ಸಿಕ್ಕಿತು. ಕೋವಿಡ್ ಕಾಲದ ಪೆಟ್ಟು, ಹಳೆಯ ಸಾಲ, ಅದರ ಮೇಲೆ 2023ರಲ್ಲಿ ಹಾಲಿವುಡ್‌ನ ಬರಹಗಾರರು 148 ದಿನ, ನಟರು 118 ದಿನ ನಡೆಸಿದ ಮುಷ್ಕರ. ಹೊಸ ಚಿತ್ರಗಳ ಕೆಲಸ ಬತ್ತಿತು. ಫೆಬ್ರವರಿಯ ಕೊನೆಯ ವಾರದಲ್ಲಿ ಟೆಕ್ನಿಕಲರ್ ಸಮೂಹ ಕುಸಿದುಬಿತ್ತು. ಲಂಡನ್, ಅಮೆರಿಕಗಳ ಜೊತೆ ಬೆಂಗಳೂರಿನಲ್ಲೂ ಕೆಲಸ ನಿಂತಿತು. ಭಾರತದಲ್ಲಿ ಸಾವಿರಾರು ಕಲಾವಿದರು ಒಂದೇ ವಾರದಲ್ಲಿ ಕೆಲಸ ಕಳೆದುಕೊಂಡರು. 'ಮುಫಾಸ' ತೆರೆಗೆ ಬಂದು ಆಗಿನ್ನೂ ಎರಡು ತಿಂಗಳಾಗಿತ್ತು.

ಇಂಥದು ಮೊದಲ ಸಲವೇನಲ್ಲ. ಇದೇ ಪೆರೇಸಂದ್ರದ ಹೆದ್ದಾರಿಯ ಇನ್ನೊಂದು ತುದಿಯ ಹೈದರಾಬಾದಿನಲ್ಲಿ ರಿದಮ್ ಅಂಡ್ ಹ್ಯೂಸ್ ಎಂಬ ಅಮೆರಿಕನ್ ಸಂಸ್ಥೆಯ ಶಾಖೆಯಿತ್ತು. 'ಲೈಫ್ ಆಫ್ ಪೈ' ಚಿತ್ರದ ಹುಲಿಯನ್ನು ಸೃಷ್ಟಿಸಿದ ಸಂಸ್ಥೆ ಅದು. 2013ರ ಫೆಬ್ರವರಿಯಲ್ಲಿ ಆ ಹುಲಿಗೆ ಆಸ್ಕರ್ ಬರುವ ಎರಡು ವಾರ ಮೊದಲು ಸಂಸ್ಥೆ ದಿವಾಳಿ ಅರ್ಜಿ ಹಾಕಿತ್ತು. ಚಿತ್ರ ಎಷ್ಟೇ ಗಳಿಸಲಿ, ಕೆಲಸ ಮಾಡಿಕೊಟ್ಟ ಸ್ಟುಡಿಯೊಗೆ ಸಿಗುವುದು ಮೊದಲೇ ಗೊತ್ತುಮಾಡಿದ ಮೊತ್ತ. ತಿದ್ದುಪಡಿ ಹೆಚ್ಚಾದರೆ ಖರ್ಚು ಸ್ಟುಡಿಯೊದ್ದು, ಲಾಭ ಹೆಚ್ಚಾದರೆ ಒಡೆಯರದು. ಹಳೆಯ ಚಿತ್ರಗಳಿಂದ ವರ್ಷವರ್ಷ ಬರುವ ಆದಾಯವೆಂಬುದು ಇಲ್ಲ. ಆದ್ದರಿಂದ ಕೆಲಸ ಮೂರು ತಿಂಗಳು ನಿಂತರೆ ಸ್ಟುಡಿಯೊ ನಿಲ್ಲುತ್ತದೆ. ಗುಣಮಟ್ಟದ ಕೊರತೆಯಿಂದ ಬಂದ ಸಾವಲ್ಲ ಇದು.

ಕರ್ನಾಟಕ ಸರ್ಕಾರ 2012ರಲ್ಲಿ, ದೇಶದಲ್ಲೇ ಮೊದಲು, ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ತಂದಿತು. ಮುಂದೆಯೂ ಅದನ್ನು ಹೊಸದಾಗಿಸುತ್ತ ಬಂದಿದೆ. ತರಬೇತಿ, ಉದ್ಯೋಗ ಎರಡಕ್ಕೂ ಅದರಿಂದ ನೆರವಾಗಿದೆ. ಆದರೆ ಉದ್ಯೋಗದ ಎಣಿಕೆಯೊಂದನ್ನೇ ಯಶಸ್ಸೆಂದು ತಿಳಿದರೆ ಏನಾಗುತ್ತದೆ ಎಂಬುದನ್ನು ಆ ಫೆಬ್ರವರಿ ತೋರಿಸಿದೆ. ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬುದರ ಜೊತೆಗೆ ಎಷ್ಟು ಕಥೆ ನಮ್ಮವು, ಎಷ್ಟು ತಂತ್ರಾಂಶ ನಮ್ಮದು ಎಂದೂ ಎಣಿಸಬೇಕು.

ಅರ್ಭುತ ಹುಲಿಯ ಮುಖ

ಸ್ವಂತ ಕಥೆಯ ಪ್ರಯತ್ನಗಳು ಇಲ್ಲವೆಂದಲ್ಲ. ಬೆಂಗಳೂರಿನ ವಿ. ರವಿಶಂಕರ್ 'ಪುಣ್ಯಕೋಟಿ' ಎಂಬ ಅನಿಮೇಷನ್ ಚಿತ್ರ ಮಾಡಿದರು. ವಸ್ತು ನಮ್ಮ 'ಗೋವಿನ ಹಾಡು', ಮಾತುಗಳು ಸಂಸ್ಕೃತದಲ್ಲಿ, ಸಂಗೀತ ಇಳಯರಾಜ ಅವರದು. ಸಾರ್ವಜನಿಕರಿಂದ ಹಣ ಸಂಗ್ರಹಿಸಿ, ಬೇರೆಬೇರೆ ಊರುಗಳಲ್ಲಿದ್ದ ಕಲಾವಿದರಿಂದ ಕೆಲಸ ಮಾಡಿಸಿ ಮುಗಿಸಿದ ಚಿತ್ರ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾಯಿತು. ಇದು ಮೂರು ಅಳತೆಯ ಗೊಂಬೆಗಳದ್ದಲ್ಲ, ಚಪ್ಪಟೆ ಚಿತ್ರಗಳ ಅನಿಮೇಷನ್. ಚಲನೆ ಅಲ್ಲಲ್ಲಿ ಒರಟು. 'ದ ಜಂಗಲ್ ಬುಕ್' ಪಕ್ಕದಲ್ಲಿಟ್ಟರೆ ಬಡಚಿತ್ರ. ಆದರೆ ಕಥೆಯ ಕೇಂದ್ರದಲ್ಲಿರುವ ಪ್ರಶ್ನೆಯನ್ನು ನೋಡಿ.

ಡಿಸ್ನಿಯ ಹುಲಿ ಶೇರ್ ಖಾನ್ ಕೊನೆಗೆ ಬೆಂಕಿಗೆ ಬಿದ್ದು ಸಾಯುತ್ತದೆ. ನಮ್ಮ ಅರ್ಭುತನನ್ನು ಯಾರೂ ಕೊಲ್ಲುವುದಿಲ್ಲ. ಕೊಟ್ಟ ಮಾತಿಗೆ ತಪ್ಪದೆ ಮರಳಿ ಬಂದ ಹಸುವನ್ನು ಕಂಡು ಅವನೊಳಗೇ ಏನೋ ಮುರಿಯುತ್ತದೆ. ಹಸಿವು ನಾಚಿಕೆಯಾಗಿ, ನಾಚಿಕೆ ದುಃಖವಾಗಿ ತಿರುಗಬೇಕು. ಇದನ್ನು ಹುಲಿಯ ಮುಖದಲ್ಲಿ ತೋರಿಸುವುದು ಹೇಗೆ? ನಿಜವಾದ ಹುಲಿಯ ಪಡಿಯಚ್ಚಾದರೆ ಆ ಮುಖದಲ್ಲಿ ನಾಚಿಕೆ ಕಾಣದು. ಸಿಂಹದ ಚಿತ್ರದಲ್ಲಿ ಎಡವಿದ್ದು ಇಲ್ಲಿಯೇ ಅಲ್ಲವೆ? ನಮ್ಮ ಕಥೆಗೆ ಬೇರೆ ಬಗೆಯ ಗೊಂಬೆ, ಬೇರೆ ಬಗೆಯ ಕಡ್ಡಿ, ಬಹುಶಃ ತೊಗಲುಗೊಂಬೆಯವರ ದಪ್ಪ ಗೆರೆಯ ಕಣ್ಣು ಬೇಕು. ಅಂದರೆ ಕಥೆ ನಮ್ಮದಾದಾಗ ಸಾಧನವನ್ನೂ ನಾವೇ ಹುಡುಕಬೇಕಾಗುತ್ತದೆ. ಪಿಕ್ಸಾರ್‌ನಲ್ಲಿ ಕಥೆ ಮತ್ತು ತಂತ್ರಾಂಶ ಒಂದನ್ನೊಂದು ಎಳೆದುಕೊಂಡು ಬೆಳೆದದ್ದು ಹೀಗೆಯೇ.

2025ರ ಜುಲೈನಲ್ಲಿ ಬಂದ 'ಮಹಾವತಾರ್ ನರಸಿಂಹ' ಇನ್ನೊಂದು ಉದಾಹರಣೆ. ಅಶ್ವಿನ್ ಕುಮಾರ್ ನಿರ್ದೇಶನದ ಈ ಚಿತ್ರವನ್ನು ಕ್ಲೀಮ್ ಪ್ರೊಡಕ್ಷನ್ಸ್ ತಯಾರಿಸಿತು, ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿತು. ಇತರ ಭಾಷೆಗಳೊಂದಿಗೆ ಕನ್ನಡದಲ್ಲೂ ಬಂದು, ಒಟ್ಟು 300 ಕೋಟಿ ರೂಪಾಯಿಗೂ ಹೆಚ್ಚು ಗಳಿಸಿದೆಯೆಂದು ವರದಿಯಾಯಿತು. ಮುಖಗಳು ಹಲವೆಡೆ ಬಿಗುವಾಗಿವೆ, ಬಟ್ಟೆ ಕೂದಲುಗಳ ಚಲನೆ ಎಂಪಿಸಿಯ ಮಟ್ಟಕ್ಕಿಲ್ಲ. ಆದರೂ ಕಂಬ ಒಡೆಯುವ ಹೊತ್ತಿಗೆ ಚಿತ್ರಮಂದಿರದಲ್ಲಿ ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಸಿಂಹಮುಖದ ದೇವರಿಗೆ ಹುಬ್ಬುಗಂಟಿಕ್ಕಲು ಯಾವ ಅಡ್ಡಿಯೂ ಇಲ್ಲ. ಇಲ್ಲಿನ ಭಾಷೆಯಲ್ಲಿ ಅನಿಮೇಷನ್ ನೋಡುವವರಿಲ್ಲ ಎಂಬ ಹಳೆಯ ನೆಪ ಇದರಿಂದ ಮುಗಿಯಿತು. ಆದರೆ ಈ ಯಶಸ್ಸಿನ ಬೆನ್ನುಹತ್ತಿ ಪುರಾಣಗಳ ಸಾಲು ಮಾತ್ರ ಬಂದರೆ ಅದು ಇನ್ನೊಂದು ಬಗೆಯ ಬಡತನ.

ಒಂದು ಬೆಕ್ಕು, ಒಂದು ಗಣಕ

ದೊಡ್ಡ ಬಂಡವಾಳವಿಲ್ಲದೆ ಇದೆಲ್ಲ ಆಗದು ಎನ್ನುವಿರಾ? ಟೆಕ್ನಿಕಲರ್ ಕುಸಿದ ವಾರ ಕಳೆದು 2025ರ ಮಾರ್ಚ್ 2ರಂದು ಅತ್ಯುತ್ತಮ ಅನಿಮೇಷನ್ ಕಥಾಚಿತ್ರದ ಆಸ್ಕರ್ 'ಫ್ಲೋ' ಚಿತ್ರಕ್ಕೆ ಬಂತು. ನಿರ್ದೇಶಕ ಗಿಂಟ್ಸ್ ಝಿಲ್ಬಾಲೋಡಿಸ್, ದೇಶ ಲಾಟ್ವಿಯ. ಅಲ್ಲಿನ ಜನಸಂಖ್ಯೆ 20 ಲಕ್ಷಕ್ಕಿಂತ ಕಡಿಮೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲೇ 2011ರ ಜನಗಣತಿಯಂತೆ 12 ಲಕ್ಷಕ್ಕೂ ಹೆಚ್ಚು ಜನರಿದ್ದರು. ಪ್ರವಾಹದಲ್ಲಿ ಸಿಕ್ಕ ಬೆಕ್ಕೊಂದು ಇತರ ಪ್ರಾಣಿಗಳೊಂದಿಗೆ ದೋಣಿಯಲ್ಲಿ ಸಾಗುವ ಕಥೆ. ಒಂದೂ ಮಾತಿಲ್ಲ, ಆದ್ದರಿಂದ ಡಬ್ಬಿಂಗ್‌ನ ಪ್ರಶ್ನೆಯೇ ಇಲ್ಲ. ಫ್ರಾನ್ಸ್, ಬೆಲ್ಜಿಯಂಗಳ ಕಲಾವಿದರ ಸಹಕಾರದೊಂದಿಗೆ ತಯಾರಾದ ಈ ಚಿತ್ರದ ವೆಚ್ಚ ಸುಮಾರು 35 ಲಕ್ಷ ಯೂರೊ. ಹಾಲಿವುಡ್ ಚಿತ್ರಗಳ ಮುಂದೆ ಇದು ಚಿಲ್ಲರೆ ಹಣ.

ತಾಂತ್ರಿಕವಾಗಿ ಮುಖ್ಯವಾದ ಅಂಶ ಬೇರೆ. 'ಫ್ಲೋ' ತಯಾರಾದದ್ದು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ. ಯಾರು ಬೇಕಾದರೂ ಉಚಿತವಾಗಿ ಪಡೆದು ಬಳಸಬಹುದು, ಬೇಕೆಂದಂತೆ ಬದಲಿಸಿಕೊಳ್ಳಲೂಬಹುದು. ಕಿರಣಗಳ ದಾರಿಯನ್ನೆಲ್ಲ ಪೂರ್ತಿ ಲೆಕ್ಕ ಹಾಕುವ ಬದಲು, ವಿಡಿಯೊ ಆಟಗಳಲ್ಲಿರುವಂಥ ಶೀಘ್ರ ವಿಧಾನದಿಂದ ಬೆಳಕನ್ನು ಅಂದಾಜು ಮಾಡುವ ಸೌಲಭ್ಯ ಅದರಲ್ಲಿದೆ. ನಿರ್ದೇಶಕರು ಆರಿಸಿಕೊಂಡದ್ದು ಅದನ್ನೇ. ಒಂದು ಚೌಕಟ್ಟಿಗೆ ಹಿಡಿದದ್ದು ಸೆಕೆಂಡುಗಳ ಲೆಕ್ಕದ ಸಮಯ. 'ಟಾಯ್ ಸ್ಟೋರಿ'ಯ ಏಳು ಗಂಟೆಯನ್ನು ನೆನಪಿಸಿಕೊಳ್ಳಿ. 'ಫ್ಲೋ'ದ ಬೆಕ್ಕಿಗೆ ಎಣಿಸಬಹುದಾದ ಕೂದಲಿಲ್ಲ, ಕುಂಚದ ಬೀಸಿನಂಥ ಮೈ ಇದೆ. ಆದರೆ ಅದು ಕಿವಿ ಮಡಿಸುವ, ಹಿಂಜರಿಯುವ, ನೆಗೆಯುವ ಮುನ್ನ ಅಳೆಯುವ ರೀತಿ ನಿಮ್ಮ ಮನೆಯ ಬೆಕ್ಕಿನದೇ. ಕೂದಲಿಗೆ ಹೋಗಬೇಕಾದ ಶ್ರಮವನ್ನು ನಡವಳಿಕೆಗೆ ಕೊಟ್ಟಿದ್ದಾರೆ. ಮೂರು ಕಾಲುಗಳಲ್ಲಿ ಸಾಧನವೆಂಬ ಕಾಲು ಇಂದು ಬಿಟ್ಟಿಯಾಗಿ ಸಿಗುತ್ತದೆ. ಕೈಕೆಲಸ ಬಲ್ಲ ಸಾವಿರಾರು ಮಂದಿ ಬೆಂಗಳೂರಿನಲ್ಲಿದ್ದಾರೆ. ಹುಡುಕಬೇಕಾದದ್ದು ಕಥೆ, ಅದನ್ನು ನಂಬಿ ಹಣ ಹಾಕುವವರು.

ಶಾಲೆಗಳಲ್ಲಿ ವಿಜ್ಞಾನ, ಚಿತ್ರಕಲೆ ಕಲಿಸುವ ಓದುಗರಿಗೆ ಒಂದು ಸಲಹೆ. ಶಾಲೆಯ ಗಣಕಗಳಲ್ಲಿ ಕೊಂಚ ಶಕ್ತವಾದ ಒಂದಿದ್ದರೂ ಅದರಲ್ಲಿ ಬ್ಲೆಂಡರ್ ಹಾಕಿಸಿ. ಮೊದಲ ಪಾಠಕ್ಕೆ ಹುಲಿ ಬೇಡ, ಒಂದು ಚೆಂಡು ಸಾಕು. ಚೆಂಡು ಬೀಳುವಾಗ ವೇಗ ಹೆಚ್ಚುತ್ತದೆ, ನೆಲಕ್ಕೆ ಬಡಿದಾಗ ಚಪ್ಪಟೆಯಾಗುತ್ತದೆ, ಪುಟಿದ ಪ್ರತಿ ಸಲ ಎತ್ತರ ಕಡಿಮೆಯಾಗುತ್ತದೆ. ರಬ್ಬರ್ ಚೆಂಡಿಗೂ ಕಬ್ಬಿಣದ ಗುಂಡಿಗೂ ಇರುವ ವ್ಯತ್ಯಾಸವನ್ನು ಚಲನೆಯಿಂದಷ್ಟೇ ತೋರಿಸಲು ಮಕ್ಕಳಿಗೆ ಹೇಳಿ. ಗುರುತ್ವ, ಸ್ಥಿತಿಸ್ಥಾಪಕತ್ವ ಎರಡೂ ಅದರಲ್ಲೇ ಬಂದುಬಿಡುತ್ತವೆ. ಆಮೇಲೆ ಆ ಚೆಂಡಿಗೆ ಹೆದರಿಕೆಯಾಗಿದೆ ಎಂದು ತೋರಿಸಲು ಹೇಳಿ. ಕಥೆ ಶುರುವಾಗುವುದು ಅಲ್ಲಿ.

ಪೆರೇಸಂದ್ರದ ಆ ಹುಡುಗಿ ಈಗ ಕಾಲೇಜು ಸೇರಿರಬೇಕು. ಮತ್ತೆ ಸಿಕ್ಕರೆ "ಮುಂದೆ ಮಾತಾಡುತ್ತಮ್ಮ" ಎಂದು ಹೇಳಲಾರೆ. ಹುಲಿಯ ಮೈ ಮಾಡಿದವರು ನಮ್ಮವರೇ, ಹುಲಿ ಮಾತ್ರ ನಮ್ಮದಾಗಿರಲಿಲ್ಲ ಎಂದು ಹೇಳುತ್ತೇನೆ. ಆಮೇಲೆ ಅರ್ಭುತನ ನಾಚಿದ ಮುಖ ಹೇಗಿರಬೇಕು ಎಂದು ಅವಳನ್ನೇ ಕೇಳಬೇಕೆಂದಿದ್ದೇನೆ.